ಮೂರು ಸಾವಿರದ ಪೇಪರ್ ಕಾಲೇಜಿನಲ್ಲಿ ಪುಕ್ಕಟೆ: ವಿದ್ಯಾರ್ಥಿಗಳು ತಿಳಿದಿರಬೇಕಾದ ಡಿಜಿಟಲ್ ದಾರಿಗಳು

ದಸರಾ ರಜೆಗೆ ಅಕ್ಕನ ಮಗಳು ನಮ್ಮ ಮನೆಗೆ ಬಂದಿದ್ದಳು. ಸರ್ಕಾರಿ ಕಾಲೇಜಿನಲ್ಲಿ ಎಂ.ಎಸ್ಸಿ. ಬಾಟನಿ, ಕೊನೆಯ ವರ್ಷ. ಅವಳ ಪ್ರಾಜೆಕ್ಟು ರಾಗಿಗೆ ಬರುವ ಬೆಂಕಿ ರೋಗದ ಬಗ್ಗೆ. ತೆನೆಯ ಕುತ್ತಿಗೆ ಕಪ್ಪಾಗಿ, ಕಾಳು ಕಟ್ಟದೆ ಜೊಳ್ಳಾಗುವ ರೋಗ ಅದು. ನಮ್ಮಪ್ಪ, ಅಂದರೆ ಅವಳ ತಾತ, ಹೊಲದಲ್ಲಿ ಎಷ್ಟೋ ವರ್ಷದಿಂದ ನೋಡುತ್ತಾ ಬಂದದ್ದು. ಹಾಗಾಗಿ ಆ ವಿಷಯವನ್ನು ಅವಳೇ ಆರಿಸಿಕೊಂಡಿದ್ದಳು.

ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತವಳು ಕೂಗಿದಳು. "ಚಿಕ್ಕಮ್ಮ, ಬಾ ಇಲ್ಲಿ. ಒಂದು ಪೇಪರ್ ಓದೋಕೆ ಮೂರು ಸಾವಿರ ರೂಪಾಯಿ ಕೇಳ್ತಿದೆ!"

ಅವಳ ಗೈಡು ಇಪ್ಪತ್ತು ಪೇಪರ್ ಓದಿಕೊಂಡು ಬಾ ಅಂದಿದ್ದರು. ಇಪ್ಪತ್ತನ್ನು ಮೂರು ಸಾವಿರದಿಂದ ಗುಣಿಸಿ ಸಪ್ಪಗಾಗಿದ್ದಳು. ಆದರೆ ಅವಳ ಕಾಲೇಜಿನ ಮಟ್ಟಿಗೆ ಆ ದುಡ್ಡನ್ನು ಸರ್ಕಾರ ಆಗಲೇ ಕೊಟ್ಟಾಗಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ, ಕ್ಲಾಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈ ಲೇಖನ ಅಂಥವರಿಗಾಗಿ. ಮನೆಯಲ್ಲಿ ಮೊದಲ ಸಲ ಯೂನಿವರ್ಸಿಟಿ ಮೆಟ್ಟಿಲು ಹತ್ತಿದ ಮಕ್ಕಳ ಅಪ್ಪ ಅಮ್ಮಂದಿರಿಗಾಗಿಯೂ ಹೌದು.

ಪೇಪರ್ ಅಂದರೇನು, ಅದಕ್ಕೆ ದುಡ್ಡು ಯಾಕೆ?

ಯೂನಿವರ್ಸಿಟಿಯಲ್ಲಿ 'ಪೇಪರ್' ಅಂದರೆ ಸಂಶೋಧನಾ ಲೇಖನ. ಒಬ್ಬರು ಪ್ರಯೋಗ ಮಾಡುತ್ತಾರೆ, ಏನು ಮಾಡಿದೆ, ಏನು ಸಿಕ್ಕಿತು ಅಂತ ಬರೆಯುತ್ತಾರೆ. ಅದನ್ನು ಜರ್ನಲ್‌ಗೆ ಕಳಿಸುತ್ತಾರೆ. ಜರ್ನಲ್ ಅಂದರೆ ಸಂಶೋಧಕರಿಗೆಂದೇ ಇರುವ ಪತ್ರಿಕೆ. ಅಲ್ಲಿಯ ಸಂಪಾದಕರು ಅದೇ ವಿಷಯ ಬಲ್ಲ ಇಬ್ಬರು ಮೂವರಿಗೆ ಲೇಖನ ತೋರಿಸುತ್ತಾರೆ. ಅವರು ತಪ್ಪು ಹುಡುಕುತ್ತಾರೆ, ಪ್ರಶ್ನೆ ಕೇಳುತ್ತಾರೆ, ತಿದ್ದಿಸುತ್ತಾರೆ. ಇದಕ್ಕೆ ಪೀರ್ ರಿವ್ಯೂ ಅಂತ ಹೆಸರು. ಸಾಮಾನ್ಯವಾಗಿ ಬರೆದವರಿಗೂ ಪತ್ರಿಕೆಯಿಂದ ಸಂಭಾವನೆ ಇಲ್ಲ, ಪರಿಶೀಲಿಸಿದವರಿಗೂ ಇಲ್ಲ. ಪ್ರಕಾಶಕರು ಮಾತ್ರ ಲೈಬ್ರೇರಿಗಳಿಂದ ಚಂದಾ ಪಡೆಯುತ್ತಾರೆ, ಬಿಡಿಯಾಗಿ ಓದುವವರಿಗೆ ಒಂದೊಂದು ಲೇಖನಕ್ಕೂ ಬೆಲೆ ಹಾಕುತ್ತಾರೆ.

ಗೂಗಲ್‌ನಲ್ಲಿ ಹುಡುಕಿದಾಗ ಇಂಥ ಪೇಪರ್‌ನ ಹೆಸರು ಮತ್ತು ಅಬ್‌ಸ್ಟ್ರಾಕ್ಟ್, ಅಂದರೆ ಒಂದು ಪ್ಯಾರಾದ ಸಾರಾಂಶ ಕಾಣುತ್ತದೆ. ಮುಂದೆ ಹೋದರೆ ಬೀಗ. ಹಳೇ ಲೈಬ್ರೇರಿಗಳಲ್ಲಿ ಗಾಜಿನ ಬೀರು ಇರುತ್ತಿತ್ತಲ್ಲ, ಹಾಗೆ. ಪುಸ್ತಕದ ಬೆನ್ನಿನ ಮೇಲಿನ ಹೆಸರು ಹೊರಗಿಂದಲೇ ಓದಬಹುದು, ತೆಗೆದುಕೊಳ್ಳಬೇಕೆಂದರೆ ಕೀಲಿ ಬೇಕು.

ಎಷ್ಟೋ ವಿದ್ಯಾರ್ಥಿಗಳು ಅಬ್‌ಸ್ಟ್ರಾಕ್ಟ್ ಮಾತ್ರ ಓದಿ, ಇಡೀ ಪೇಪರ್ ಓದಿದಂತೆ ಬರೆದುಬಿಡುತ್ತಾರೆ. ಅದು ಸೋಮಾರಿತನ ಅಂತ ಬೈಯುವುದು ಸುಲಭ. ಬಹಳಷ್ಟು ಸಲ ಅವರ ಬಳಿ ಕೀಲಿ ಇರಲಿಲ್ಲ, ಅಷ್ಟೇ.

ಒಂದು ದೇಶ, ಒಂದು ಚಂದಾ

ಮೊದಲು ಒಂದೊಂದು ಯೂನಿವರ್ಸಿಟಿಯೂ ಬೇರೆ ಬೇರೆಯಾಗಿ, ಇಲ್ಲವೇ ಗುಂಪು ಕಟ್ಟಿಕೊಂಡು ಚಂದಾ ಕಟ್ಟುತ್ತಿತ್ತು. ದುಡ್ಡಿದ್ದ ದೊಡ್ಡ ಸಂಸ್ಥೆಗೆ ಸಾವಿರಾರು ಜರ್ನಲ್, ತಾಲ್ಲೂಕಿನ ಸರ್ಕಾರಿ ಕಾಲೇಜಿಗೆ ಬಹಳ ಕಡಿಮೆ. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರ ಜನವರಿ 1ರಿಂದ ಅದು ಶುರುವಾಯಿತು. 2025, 26, 27, ಈ ಮೂರು ವರ್ಷಕ್ಕೆ ಇಟ್ಟ ಹಣ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಇದರಲ್ಲಿವೆ. 6,300ಕ್ಕೂ ಜಾಸ್ತಿ ಸಂಸ್ಥೆಗಳ ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರಿಗೆ ಇದು ತಲುಪಬೇಕೆಂಬುದು ಲೆಕ್ಕ. ಕೇಂದ್ರ ಮತ್ತು ರಾಜ್ಯ ಸರ್ಕಾರದ ಉನ್ನತ ಶಿಕ್ಷಣ ಸಂಸ್ಥೆಗಳು, ಕೇಂದ್ರದ ಸಂಶೋಧನಾ ಸಂಸ್ಥೆಗಳು ಇದರ ವ್ಯಾಪ್ತಿಗೆ ಬರುತ್ತವೆ. ಇದನ್ನು ನಡೆಸುವ ಹೊಣೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಎಂಬ ಸಂಸ್ಥೆಯದು. ಅದು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗಕ್ಕೆ ಸೇರಿದ್ದು.

ಹಾಗಾದರೆ ನಮ್ಮ ಹುಡುಗಿಗೆ ಬೀಗ ಯಾಕೆ ಕಂಡಿತು? ಅವಳು ನಮ್ಮ ಮನೆಯ ವೈಫೈನಲ್ಲಿ ಕೂತಿದ್ದಳು.

ಇಂಟರ್ನೆಟ್‌ಗೆ ಸೇರುವ ಪ್ರತಿ ಸಂಪರ್ಕಕ್ಕೂ ಮನೆ ನಂಬರ್ ಥರ ಒಂದು ನಂಬರ್ ಇರುತ್ತದೆ, ಐಪಿ ವಿಳಾಸ ಅಂತ. ಪ್ರಕಾಶಕರ ಕಂಪ್ಯೂಟರ್‌ಗೆ ನೀವು ಯಾರು ಅಂತ ಗೊತ್ತಾಗುವುದಿಲ್ಲ. ಯಾವ ನಂಬರಿನ ಬಾಗಿಲಿನಿಂದ ಬಂದಿರಿ ಅನ್ನುವುದಷ್ಟೇ ಗೊತ್ತಾಗುತ್ತದೆ. ಕಾಲೇಜಿನ ನಂಬರ್ ಅವರ ಪಟ್ಟಿಯಲ್ಲಿದ್ದರೆ ಪೇಪರ್ ತೆರೆಯುತ್ತದೆ. ಇಲ್ಲಿ ಒಂದು ಸಣ್ಣ ವಿಷಯ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಕಾಲೇಜಿನ ಕಾರಿಡಾರಿನಲ್ಲೇ ನಿಂತು ಮೊಬೈಲ್ ಡೇಟಾದಲ್ಲಿ ತೆರೆದರೂ ಬೀಗ ಹಾಗೇ ಇರುತ್ತದೆ. ಯಾಕೆಂದರೆ ಆಗ ಹೋಗುವ ನಂಬರ್ ಫೋನ್ ಕಂಪನಿಯದು, ಕಾಲೇಜಿನದಲ್ಲ. ಕಾಲೇಜಿನ ವೈಫೈಗೇ ಸೇರಬೇಕು, ಇಲ್ಲವೇ ಲೈಬ್ರೇರಿ ಕಂಪ್ಯೂಟರ್ ಬಳಸಬೇಕು.

ಮನೆಯಿಂದ ಓದಲೂ ದಾರಿ ಇದೆ. ಇನ್‌ಫ್ಲಿಬ್‌ನೆಟ್‌ನದೇ 'ಇನ್‌ಫೆಡ್' ಎಂಬ ವ್ಯವಸ್ಥೆಯಲ್ಲಿ ಕಾಲೇಜು ತನ್ನ ವಿದ್ಯಾರ್ಥಿಗಳಿಗೆ ಲಾಗಿನ್ ಕೊಡಬಹುದು. ಆಗ ಬಾಗಿಲಿನ ಬದಲು ನಿಮ್ಮ ಗುರುತನ್ನೇ ನೋಡಿ ಒಳಗೆ ಬಿಡುತ್ತಾರೆ. ಆದರೆ ಇವೆಲ್ಲ ನಡೆಯಬೇಕಾದರೆ ಕಾಲೇಜು ಮೊದಲು ನೋಂದಣಿ ಆಗಿರಬೇಕು. ಲೈಬ್ರೇರಿಯನ್ ಬಳಿ ಹೋಗಿ ಎರಡು ಪ್ರಶ್ನೆ ಕೇಳಿ: ನಮ್ಮ ಕಾಲೇಜು ಯೋಜನೆಗೆ ನೋಂದಣಿ ಆಗಿದೆಯಾ? ಮನೆಯಿಂದ ಓದಲು ಲಾಗಿನ್ ಕೊಡ್ತೀರಾ? ಇಲ್ಲ ಅಂದರೆ ನಾಲ್ಕು ಜನ ಸೇರಿ ಪ್ರಿನ್ಸಿಪಾಲರಿಗೆ ಅರ್ಜಿ ಬರೆಯಿರಿ. ಅದು ನಿಮ್ಮ ಪಾಲು, ಕೇಳುವುದರಲ್ಲಿ ಸಂಕೋಚ ಬೇಡ.

ಖಾಸಗಿ ಕಾಲೇಜಿನವರು ಏನು ಮಾಡಬೇಕು?

ಸರ್ಕಾರಿ ಸಂಸ್ಥೆಯಲ್ಲದಿದ್ದರೂ ಕಾನೂನುಬದ್ಧ ದಾರಿಗಳು ಬೇಕಾದಷ್ಟಿವೆ. ಗೂಗಲ್ ಸ್ಕಾಲರ್ ಅನ್ನುವುದು 2004ರಿಂದ ಇದೆ. ಮಾಮೂಲಿ ಗೂಗಲ್‌ನಲ್ಲಿ ಬರುವ ಜಾಹೀರಾತು, ಸುದ್ದಿ, ವಿಡಿಯೋ ಅಲ್ಲಿ ಇರುವುದಿಲ್ಲ, ಸಂಶೋಧನೆಯ ಬರಹ ಮಾತ್ರ. ಒಂದೊಂದು ಫಲಿತಾಂಶದ ಬಲಗಡೆ ಪಿಡಿಎಫ್ ಅಂತ ಬರೆದಿದ್ದರೆ ಅದು ಪುಕ್ಕಟೆ ಸಿಗುತ್ತದೆ ಎಂದರ್ಥ. ಕೆಳಗೆ 'ಎಲ್ಲ ಆವೃತ್ತಿಗಳು' ಅನ್ನುವ ಕೊಂಡಿ ಒತ್ತಿ ನೋಡಿ. ಅದೇ ಲೇಖನವನ್ನು ಬರೆದವರೇ ತಮ್ಮ ಯೂನಿವರ್ಸಿಟಿಯ ತಾಣದಲ್ಲಿ ಹಾಕಿರುವುದುಂಟು. 'ಅನ್‌ಪೇವಾಲ್' ಎಂಬ ಸಣ್ಣ ಸಲಕರಣೆಯನ್ನು ಬ್ರೌಸರ್‌ಗೆ ಸೇರಿಸಿಕೊಂಡರೆ ಅಂಥ ಉಚಿತ ಪ್ರತಿಯನ್ನು ಅದೇ ಹುಡುಕಿ ಕೊಡುತ್ತದೆ.

ವೈದ್ಯಕೀಯ, ಜೀವಶಾಸ್ತ್ರದವರಿಗೆ ಪಬ್‌ಮೆಡ್ ಸೆಂಟ್ರಲ್ ಎಂಬ ಉಚಿತ ಭಂಡಾರ ಇದೆ. ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಓದುವವರಿಗೆ 1991ರಿಂದ ನಡೆಯುತ್ತಿರುವ ಆರ್ಕೈವ್ (arXiv) ಎಂಬ ತಾಣ ಇದೆ. ಅಲ್ಲಿರುವುದು ಪ್ರಿಪ್ರಿಂಟ್, ಅಂದರೆ ಪೀರ್ ರಿವ್ಯೂ ಆಗುವ ಮೊದಲೇ ಹಾಕಿದ ಪ್ರತಿ, ಅದನ್ನು ನೆನಪಿಟ್ಟು ಓದಬೇಕು. ನಮ್ಮ ಬೆಂಗಳೂರಿನಲ್ಲೇ ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ 'ರೆಸೊನೆನ್ಸ್' ಅಂತ ಒಂದು ಪತ್ರಿಕೆ ತರುತ್ತದೆ. ಅದು 1996ರಿಂದ ಬರುತ್ತಿದೆ. ವಿದ್ಯಾರ್ಥಿಗಳಿಗೆಂದೇ ಬರೆದ ವಿಜ್ಞಾನ ಲೇಖನಗಳು, ಹಳೇ ಸಂಚಿಕೆಗಳು ಅಕಾಡೆಮಿಯ ತಾಣದಲ್ಲೇ ಉಚಿತ. ಬಿ.ಎಸ್ಸಿ. ಓದುವ ಮಕ್ಕಳಿದ್ದರೆ ದಯವಿಟ್ಟು ತೋರಿಸಿ.

ಇನ್ನೊಂದು ದಾರಿ ಯಾರೂ ನಂಬುವುದಿಲ್ಲ, ಆದರೆ ಕೆಲಸ ಮಾಡುತ್ತದೆ. ಬರೆದವರಿಗೇ ಇಮೇಲ್ ಮಾಡಿ ಕೇಳುವುದು. ಸಾಮಾನ್ಯವಾಗಿ ಅಬ್‌ಸ್ಟ್ರಾಕ್ಟ್ ಪುಟದಲ್ಲೇ ಅವರ ವಿಳಾಸ ಇರುತ್ತದೆ. ನಾನು ಇಂಥ ಕಡೆ ಓದುತ್ತಿದ್ದೇನೆ, ಇಂಥ ಪೇಪರ್ ಬೇಕಿತ್ತು ಅಂತ ಮೂರು ಸಾಲು ಸಾಕು. ತಮ್ಮ ಕೆಲಸವನ್ನು ಒಬ್ಬರು ಓದಬೇಕು ಅಂತ ಕೇಳಿದರೆ ಯಾರಿಗೆ ಖುಷಿ ಆಗಲ್ಲ ಹೇಳಿ.

ಶೋಧಗಂಗಾ: ಹಿಂದಿನವರು ನಡೆದ ಹೆಜ್ಜೆ

ಪಿಎಚ್.ಡಿ. ಪ್ರಬಂಧಗಳು ಮೊದಲೆಲ್ಲ ಆಯಾ ಯೂನಿವರ್ಸಿಟಿಯ ಕಪಾಟಿನಲ್ಲೇ ಧೂಳು ಹಿಡಿಯುತ್ತಿದ್ದವು. 2009ರಲ್ಲಿ ಯುಜಿಸಿ ಅವುಗಳ ಡಿಜಿಟಲ್ ಪ್ರತಿಯನ್ನೂ ಕೊಡಬೇಕು ಅಂತ ನಿಯಮ ಮಾಡಿತು. ಅವನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟ ಜಾಗವೇ ಶೋಧಗಂಗಾ. ಲಾಗಿನ್ ಬೇಡ, ದುಡ್ಡು ಬೇಡ. ಹೊಸಬರಿಗೆ ಇದರಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಸಾಹಿತ್ಯ ಸಮೀಕ್ಷೆಯ ಅಧ್ಯಾಯ. ಈ ವಿಷಯದಲ್ಲಿ ಇಲ್ಲಿಯವರೆಗೆ ಯಾರು ಏನು ಮಾಡಿದ್ದಾರೆ ಎಂಬ ನಕ್ಷೆ ಅಲ್ಲಿರುತ್ತದೆ. ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿಗೆ 'ಕೃಷಿಕೋಶ' ಅಂತ ಬೇರೆಯದೇ ಭಂಡಾರ ಇದೆ. ರಾಗಿಯ ಹುಡುಗಿ ಒಂದು ವಾರ ಶೋಧಗಂಗಾದಲ್ಲೇ ತಡಕಾಡಿದ್ದಳು. ಅವಳಿಗೆ ಬೇಕಾದದ್ದು ಕೃಷಿಕೋಶದಲ್ಲಿತ್ತು.

ಹುಡುಕುವ ಪದವೂ ಮುಖ್ಯ. ಅವಳು ಬರೀ 'ರಾಗಿ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಹಾಕುತ್ತಿದ್ದಳು. ಹೊರದೇಶದವರು ಅದನ್ನು 'ಫಿಂಗರ್ ಮಿಲೆಟ್' ಅನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಅದು 'ಎಲ್ಯೂಸಿನಿ ಕೊರಕಾನಾ'. ಬೆಂಕಿ ರೋಗ ತರುವ ಶಿಲೀಂಧ್ರಕ್ಕೂ ಹಳೇ ಹೆಸರು ಒಂದು, ಹೊಸ ಹೆಸರು ಒಂದು. ಈ ಎಲ್ಲ ಹೆಸರಿನಲ್ಲೂ ಹುಡುಕಿದ ದಿನ ಅವಳ ಪಟ್ಟಿ ಎರಡು ಪುಟ ಬೆಳೆಯಿತು. ಕಂಪ್ಯೂಟರ್‌ಗೆ ನಾವು ಕೊಟ್ಟ ಅಕ್ಷರ ಮಾತ್ರ ಗೊತ್ತು. ಅದೇ ಬೆಳೆಗೆ ಆಫ್ರಿಕಾದಲ್ಲಿ ಏನನ್ನುತ್ತಾರೆ ಅಂತ ನಾವೇ ತಿಳಿದಿರಬೇಕು.

ಕನ್ನಡದಲ್ಲಿ ಹುಡುಕಿದರೆ ಯಾಕೆ ಸಿಗುವುದಿಲ್ಲ?

ಕನ್ನಡ ಎಂ.ಎ., ಇತಿಹಾಸ, ಜಾನಪದ ಓದುವ ಮಕ್ಕಳ ಕಷ್ಟ ಇನ್ನೊಂದು ಥರ. ಪ್ರಬಂಧ ಶೋಧಗಂಗಾದಲ್ಲಿ ಇರುತ್ತದೆ, ತೆರೆದರೆ ಅಚ್ಚುಕಟ್ಟಾದ ಕನ್ನಡ ಕಾಣುತ್ತದೆ. ಆದರೆ ಅದರೊಳಗಿನ ಒಂದು ಪದವನ್ನು ಹುಡುಕಿದರೆ ಸಿಗುವುದಿಲ್ಲ. ಒಂದು ಪ್ಯಾರಾ ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಅರ್ಥವಿಲ್ಲದ ಗುರುತುಗಳು ಉದುರುತ್ತವೆ. ಯಾಕೆ ಹೀಗೆ?

ಕಂಪ್ಯೂಟರ್‌ಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯುನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಪ್ರಪಂಚದ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಟ್ಟಿದ್ದಾರೆ. ನಮ್ಮ 'ಅ' 3205, 'ಕ' 3221. ಜಗತ್ತಿನ ಯಾವ ಕಂಪ್ಯೂಟರ್‌ಗೆ ಹೋದರೂ 3221 ಅಂದರೆ 'ಕ'ವೇ. ಆದರೆ ಈ ಪಟ್ಟಿ ಬಳಕೆಗೆ ಬರುವ ಮೊದಲು ಕನ್ನಡದ ತಂತ್ರಾಂಶಗಳು ಒಂದು ಉಪಾಯ ಮಾಡಿದ್ದವು. ಇಂಗ್ಲಿಷ್ ಅಕ್ಷರಗಳ ಸಂಖ್ಯೆಯನ್ನೇ ಇಟ್ಟುಕೊಂಡು, ಅವುಗಳ ಜಾಗದಲ್ಲಿ ಕನ್ನಡದ ಚಿತ್ರ ಬಿಡಿಸುವ ಫಾಂಟ್ ಮಾಡಿದವು. ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ 'ಕನ್ನಡ' ಅಂತ ಟೈಪ್ ಮಾಡಿದರೆ ಕಡತದ ಒಳಗೆ ಕೂರುವುದು ಇಂಗ್ಲಿಷ್‌ನ 'ಪಿ', ನೆತ್ತಿಯ ಮೇಲೆ ಗೆರೆ ಎಳೆದ 'ಎ', ಆಮೇಲೆ ಬ್ರಿಟಿಷರ ಪೌಂಡ್ ಗುರುತು, ಹೀಗೆ. ಹಗಲುವೇಷದವರ ಹಾಗೆ, ಬಣ್ಣ ಹಚ್ಚಿದಾಗ ರಾಮ, ಬಣ್ಣ ತೊಳೆದರೆ ಬೇರೆಯವರು. ಫಾಂಟ್ ಇರುವವರೆಗೆ ಕನ್ನಡ, ಫಾಂಟ್ ತೆಗೆದರೆ ಪೌಂಡ್ ಗುರುತು.

ಆ ಕಾಲಕ್ಕೆ ಅದು ದೊಡ್ಡ ಉಪಕಾರವೇ. ಅದಿಲ್ಲದಿದ್ದರೆ ಕಂಪ್ಯೂಟರ್‌ನಲ್ಲಿ ಕನ್ನಡದ ಕೆಲಸವೇ ಆಗುತ್ತಿರಲಿಲ್ಲ. ಆದರೆ ಇವತ್ತು ಅದರಿಂದ ಏನಾಗಿದೆ ನೋಡಿ. ಒಬ್ಬರು ಐದು ವರ್ಷ ಊರೂರು ತಿರುಗಿ ಬರೆದ ಜಾನಪದ ಪ್ರಬಂಧ ಗೂಗಲ್‌ನ ಕಣ್ಣಿಗೆ ಬರೀ ಚೆಲ್ಲಾಪಿಲ್ಲಿ ಗುರುತು. ಅದು ಇದ್ದೂ ಇಲ್ಲದ ಹಾಗೆ. ನನಗೆ ಇದು ನಿಜಕ್ಕೂ ಸಂಕಟ ಕೊಡುವ ವಿಷಯ.

ಪರಿಹಾರ ಕಷ್ಟದ್ದಲ್ಲ. ಈಗ ಬರೆಯುತ್ತಿರುವವರು ಮೊದಲ ಪುಟದಿಂದಲೇ ಯುನಿಕೋಡ್‌ನಲ್ಲಿ ಟೈಪ್ ಮಾಡಬೇಕು. ಡಿಟಿಪಿ ಅಂಗಡಿಗೆ ಕೊಡುವವರು ಇದನ್ನು ಬಾಯಿಬಿಟ್ಟು ಹೇಳಬೇಕು. ಹಳೇ ಕಡತಗಳನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಹಳೇ ಪುಸ್ತಕದ ಸ್ಕ್ಯಾನ್ ಆದರೆ ಅದು ಪುಟದ ಫೋಟೋ, ಅದರಲ್ಲಿ ಅಕ್ಷರವೇ ಇಲ್ಲ. ಫೋಟೋ ನೋಡಿ ಅಕ್ಷರ ಗುರುತಿಸುವ ಕೆಲಸಕ್ಕೆ ಓಸಿಆರ್ ಅನ್ನುತ್ತಾರೆ. ಗೂಗಲ್ ಲೆನ್ಸ್‌ನಲ್ಲೂ ಇದೆ, ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶದಲ್ಲೂ ಕನ್ನಡಕ್ಕೆ ಇದೆ. ಒತ್ತಕ್ಷರ ಬಂದ ಕಡೆ ಎಡವುತ್ತದೆ, ಆದ್ದರಿಂದ ಮೂಲದ ಪಕ್ಕದಲ್ಲಿಟ್ಟು ಒಂದು ಸಲ ಓದಲೇಬೇಕು.

ಯುನಿಕೋಡ್ ಆದರೆ ಏನು ಸಾಧ್ಯ ಅಂತ ನೋಡಬೇಕಾದರೆ 'ವಚನ ಸಂಚಯ' ಎಂಬ ತಾಣ ತೆರೆಯಿರಿ. ಅದರಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳಿವೆ. 'ಕಾಯಕ' ಅಂತ ಹಾಕಿದರೆ ಆ ಪದ ಬರುವ ವಚನಗಳು, ಬರೆದವರ ಹೆಸರಿನ ಜೊತೆ ಸಾಲಾಗಿ ಬರುತ್ತವೆ. ಹಿಂದೆ ಒಬ್ಬ ವಿದ್ಯಾರ್ಥಿ ಚೀಟಿ ಬರೆದುಕೊಂಡು ತಿಂಗಳುಗಟ್ಟಲೆ ಮಾಡಬೇಕಿದ್ದ ಕೆಲಸ ಅದು.

ಎಐ ಕೊಟ್ಟ ಪೇಪರ್ ಯಾಕೆ ಎಲ್ಲೂ ಸಿಗುವುದಿಲ್ಲ?

ರಾಗಿಯ ಹುಡುಗಿ ಎಐ ಚಾಟ್‌ಬಾಟ್‌ನ ಬಳಿಯೂ ಐದು ಪೇಪರ್ ಹೆಸರು ಕೇಳಿದ್ದಳು. ಐದೂ ಚೆನ್ನಾಗಿದ್ದವು. ಲೇಖಕರ ಹೆಸರು, ವರ್ಷ, ಸಂಪುಟ, ಪುಟ ಎಲ್ಲ ಇತ್ತು. ಒಂದು ಎಲ್ಲೂ ಸಿಗಲಿಲ್ಲ. ಇಬ್ಬರೂ ಕೂತು ನೋಡಿದೆವು. ಜರ್ನಲ್ ನಿಜ. ಆ ಸಂಪುಟವೂ ನಿಜ. ಅದು ಹೇಳಿದ ಪುಟದಲ್ಲಿ ಮಾತ್ರ ಬೇರೆಯವರ ಬೇರೆ ಲೇಖನ ಇತ್ತು.

ಅದು ಬೇಕಂತ ಸುಳ್ಳು ಹೇಳಿದ್ದಲ್ಲ. ಇಂಥ ಎಐ ಲಕ್ಷಾಂತರ ಬರಹ ನೋಡಿ, ಯಾವ ಪದದ ಪಕ್ಕ ಯಾವ ಪದ ಬರುತ್ತದೆ ಎಂಬ ರೂಢಿ ಕಲಿತಿರುತ್ತದೆ. ಸಾವಿರ ಲಗ್ನಪತ್ರಿಕೆ ಅಚ್ಚು ಹಾಕಿದ ಪ್ರೆಸ್ಸಿನವರನ್ನು ನೆನೆಸಿಕೊಳ್ಳಿ. ಅವರು ಕಣ್ಣು ಮುಚ್ಚಿಕೊಂಡು ಒಂದು ಹೊಸ ಪತ್ರಿಕೆ ಬರೆಯಬಲ್ಲರು. ಕುಲದೇವರ ಸ್ಮರಣೆ, ಚಿ॥ ರಾ॥, ಚಿ॥ ಸೌ॥, ಮುಹೂರ್ತ, ಛತ್ರದ ಹೆಸರು, ಎಲ್ಲ ಸರಿಯಾದ ಜಾಗದಲ್ಲಿ. ಆದರೆ ಆ ಛತ್ರದಲ್ಲಿ ಆ ದಿನ ಆ ಮದುವೆ ಇದೆಯಾ? ಅದನ್ನು ಛತ್ರಕ್ಕೆ ಹೋಗಿಯೇ ನೋಡಬೇಕು. ಕೆಲವು ಎಐಗಳು ಈಗ ಇಂಟರ್ನೆಟ್ ಹುಡುಕಿ ಉತ್ತರ ಕೊಡುತ್ತವೆ, ಆಗ ತಪ್ಪು ಕಡಿಮೆಯಾಗಬಹುದು. ಆದರೂ ನೋಡದೆ ನಂಬುವ ಹಾಗಿಲ್ಲ. 2023ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಕೋರ್ಟೊಂದು ಚಾಟ್‌ಜಿಪಿಟಿ ಕೊಟ್ಟ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಹಾಕಿತು.

ಪರೀಕ್ಷೆ ಮಾಡುವುದು ಒಂದು ನಿಮಿಷದ ಕೆಲಸ. ಈಗ ಬರುವ ಬಹುಪಾಲು ಪೇಪರ್‌ಗಳಿಗೆ ಡಿಒಐ ಅಂತ ಒಂದು ಕಾಯಂ ಸಂಖ್ಯೆ ಇರುತ್ತದೆ, ನಮಗೆ ಆಧಾರ್ ಇದ್ದ ಹಾಗೆ. ಅದು ಯಾವಾಗಲೂ 10 ಎಂಬ ಅಂಕಿಯಿಂದ ಶುರುವಾಗುತ್ತದೆ. ಜರ್ನಲ್ ತನ್ನ ವಿಳಾಸ ಬದಲಿಸಿದರೂ ಈ ಸಂಖ್ಯೆ ಬದಲಾಗುವುದಿಲ್ಲ. ಡಿಒಐ ತಾಣದಲ್ಲಿ ಅದನ್ನು ಹಾಕಿ. ಪೇಪರ್ ತೆರೆಯಿತಾ, ಹೆಸರು ಹೊಂದುತ್ತದಾ ನೋಡಿ. ಹೆಸರು ನೋಡುವುದನ್ನು ಬಿಡಬೇಡಿ, ಬೇರೆ ಪೇಪರ್‌ನ ಸಂಖ್ಯೆಯೂ ಬಂದಿರಬಹುದು.

ಹೀಗೆ ನೋಡಿ ಇಟ್ಟುಕೊಂಡ ಪೇಪರ್‌ಗಳನ್ನು ಜೋಡಿಸಿಡಲು ಜೊಟೆರೊ ಎಂಬ ಉಚಿತ ತಂತ್ರಾಂಶ ಇದೆ. ಕೊನೆಯ ರಾತ್ರಿ ಆಕರ ಪಟ್ಟಿ ಕೈಯಲ್ಲಿ ಟೈಪ್ ಮಾಡಿ ಅತ್ತವರಿಗೆ ಅದರ ಬೆಲೆ ಗೊತ್ತು.

ಸಿಮಿಲಾರಿಟಿ ರಿಪೋರ್ಟ್: ಶೇ. 10ರ ಭಯ

ಪ್ರಬಂಧ ಒಪ್ಪಿಸುವಾಗ ತಂತ್ರಾಂಶವೊಂದು ಅದನ್ನು ಇಂಟರ್ನೆಟ್‌ನಲ್ಲಿರುವ ಬರಹ, ಹಳೇ ಪ್ರಬಂಧಗಳ ಜೊತೆ ಹೋಲಿಸಿ, ಎಷ್ಟು ಪಾಲು ಒಂದೇ ಥರ ಇದೆ ಅಂತ ಒಂದು ಶೇಕಡಾ ಕೊಡುತ್ತದೆ. ಇದರ ಬಗ್ಗೆ ಯುಜಿಸಿ 2018ರಲ್ಲಿ ನಿಯಮ ತಂದಿದೆ. ಶೇ. 10ರವರೆಗೆ ಶಿಕ್ಷೆ ಇಲ್ಲ. 10ರಿಂದ 40ರೊಳಗೆ ಇದ್ದರೆ ಆರು ತಿಂಗಳ ಒಳಗೆ ತಿದ್ದಿ ಕೊಡಬೇಕು. 40ರಿಂದ 60ರೊಳಗಾದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಒಪ್ಪಿಸುವ ಹಾಗಿಲ್ಲ. 60 ದಾಟಿದರೆ ನೋಂದಣಿಯೇ ರದ್ದು.

ಈ ಶೇಕಡಾ ಕಳ್ಳತನದ ಅಳತೆ ಅಲ್ಲ. ಜರಡಿ ಇದ್ದ ಹಾಗೆ. ಜರಡಿಯಲ್ಲಿ ಏನು ಉಳಿಯಿತು ಅಂತ ಗೊತ್ತಾಗುತ್ತದೆ, ಉಳಿದದ್ದು ಕಲ್ಲೋ ಕಾಳೋ ಅಂತ ಕೈಯಲ್ಲಿ ಆರಿಸಿಯೇ ನೋಡಬೇಕು. ಆಕರ ಹೇಳಿ ಎತ್ತಿಕೊಂಡ ಮಾತು, ಆಕರ ಪಟ್ಟಿ, ಪರಿವಿಡಿ, ಮುನ್ನುಡಿ, ಕಾನೂನಿನ ಪಠ್ಯ, ಸಮೀಕರಣ ಇವನ್ನೆಲ್ಲ ಲೆಕ್ಕದಿಂದ ಬಿಡಬೇಕು ಅಂತ ಅದೇ ನಿಯಮ ಹೇಳುತ್ತದೆ. ಕಾಕತಾಳೀಯವಾಗಿ ಸಾಲಾಗಿ 14 ಪದದವರೆಗೆ ಒಂದೇ ಆದರೂ ಲೆಕ್ಕಕ್ಕಿಲ್ಲ. ನಿಮ್ಮ ರಿಪೋರ್ಟಿನಲ್ಲಿ ಸಂಖ್ಯೆ ಜಾಸ್ತಿ ಬಂದರೆ ಗಾಬರಿ ಬೀಳಬೇಡಿ. ಇವು ಬಿಟ್ಟಿದ್ದಾರಾ ಅಂತ ಮೊದಲು ಗೈಡ್ ಜೊತೆ ಕೂತು ನೋಡಿ.

ಸಂಖ್ಯೆ ಇಳಿಸಲು ಪದ ಬದಲಿಸುವ ತಂತ್ರಾಂಶದ ಮೊರೆ ಹೋಗುವವರಿದ್ದಾರೆ. 2021ರಲ್ಲಿ ಫ್ರಾನ್ಸಿನ ಗಿಯೋಮ್ ಕಬನಾಕ್ ಮತ್ತು ಸಂಗಡಿಗರು ಇಂಥ ಪೇಪರ್‌ಗಳನ್ನು ಹಿಡಿದು ತೋರಿಸಿದರು. 'ಆರ್ಟಿಫಿಶಿಯಲ್ ಇಂಟೆಲಿಜೆನ್ಸ್' ಅನ್ನುವುದು ಅವುಗಳಲ್ಲಿ 'ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್' ಆಗಿತ್ತು. ಅಂದರೆ ಖೋಟಾ ಪ್ರಜ್ಞೆ! ಆ ವಿಷಯ ಬಲ್ಲವರು ಯಾರೂ ಹಾಗೆ ಬರೆಯುವುದಿಲ್ಲ. ಸಂಖ್ಯೆ ಇಳಿಯುತ್ತದೆ, ಬರೆದವರಿಗೆ ವಿಷಯ ಗೊತ್ತಿಲ್ಲ ಅನ್ನುವುದೂ ಜೊತೆಗೇ ಗೊತ್ತಾಗುತ್ತದೆ. ಪೇಪರ್ ಮುಚ್ಚಿಟ್ಟು, ಅರ್ಥವಾದದ್ದನ್ನು ಗೆಳತಿಗೆ ಹೇಳುವ ಹಾಗೆ ಬರೆದು, ಆಮೇಲೆ ಆಕರ ಹಾಕಿದರೆ ಈ ತಾಪತ್ರಯವೇ ಇಲ್ಲ.

ರಜೆ ಮುಗಿಸಿ ಹೋದ ಮೂರನೇ ದಿನ ಅವಳು ಒಂದು ಫೋಟೋ ಕಳಿಸಿದಳು. ಕಾಲೇಜಿನ ಲೈಬ್ರೇರಿ ಕಂಪ್ಯೂಟರ್, ಪರದೆಯ ಮೇಲೆ ಅದೇ ಮೂರು ಸಾವಿರದ ಪೇಪರ್, ಬೀಗ ಇಲ್ಲದೆ. ಕೆಳಗೆ ಒಂದು ಸಾಲು: "ಇದರ ಕೊನೆಯಲ್ಲಿ ಒಂದು ಹಳೇ ಪೇಪರ್ ಹೆಸರಿದೆ ಚಿಕ್ಕಮ್ಮ, ಎಲ್ಲ ಕಡೆ ಹುಡುಕಿದೆ, ಇಂಟರ್ನೆಟ್‌ನಲ್ಲಿ ಇಲ್ಲ. ಬೆಂಗಳೂರು ಕೃಷಿ ವಿವಿಯ ಜಿಕೆವಿಕೆ ಲೈಬ್ರೇರಿಯಲ್ಲಿ ಬೈಂಡ್ ಮಾಡಿದ ಸಂಪುಟ ಇರಬಹುದು ಅಂದ್ರು ಸರ್. ಶನಿವಾರ ಹೋಗ್ತೀನಿ."